ಮೊದಲು ಹುಟ್ಟಿದ ಹೀಟರ್

ನಾನೂ ನನ್ನ ತಂಗಿಯೂ ಒಂದೇ ಆಫೀಸಿನಲ್ಲಿ ಎದುರುಬದುರು ಕೂತು ಬಟ್ಟೆ ಒಣಗಿಸುವ ಯಂತ್ರಗಳಿಗೆ ಪ್ರೋಗ್ರಾಂ ಬರೆಯುತ್ತೇವೆ. ಅವಳು ಕಾಲೇಜಿನಲ್ಲಿ ಓದಿದವಳು. ನಾನು ಹಗಲೆಲ್ಲ ದುಡಿದು, ಸಂಜೆ ತರಗತಿಯಲ್ಲಿ ತೂಕಡಿಸುತ್ತಾ ಕಲಿತವಳು. ಅವಳನ್ನು ಇಲ್ಲಿಗೆ ಸೇರಿಸಿದ್ದು ನಾನೇ. ಈಗ ನಮ್ಮಿಬ್ಬರಲ್ಲಿ ಒಬ್ಬಳನ್ನು ತಂಡದ ಮುಖ್ಯಸ್ಥೆ ಮಾಡುವುದಿತ್ತು. ಹೊಸ ಯಂತ್ರದ ಪರೀಕ್ಷೆ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದಿದ್ದರು ಮ್ಯಾನೇಜರ್. ಆ ಯಂತ್ರದ ಪ್ರೋಗ್ರಾಂ ತಂಗಿಯದು.

ಪರೀಕ್ಷೆಯ ಹಿಂದಿನ ದಿನ ಅವಳ ಕೋಡನ್ನು ನಾನು ಕಂಪೈಲ್ ಮಾಡಿ ಯಂತ್ರದ ಭಾಷೆಗೆ ಇಳಿಸಿದಾಗ ಎಚ್ಚರಿಕೆಯ ಸಾಲೊಂದು ಬಂತು. ನಮ್ಮಲ್ಲಿ ಅಂಥ ಸಾಲುಗಳನ್ನು ಓದುವವಳು ನಾನೊಬ್ಬಳೇ. ಎಲ್ಲಿ ತಪ್ಪಿದೆನೋ ಎಂಬ ಅಂಜಿಕೆಯಿಂದ ಅಂಟಿದ ಅಭ್ಯಾಸ ಅದು.

ಅವಳು ಬರೆದ ಕ್ಲಾಸಿನೊಳಗೆ, ಅಂದರೆ ಯಂತ್ರದ ಭಾಗಗಳನ್ನು ಹೆಸರಿಸುವ ಕೋಡಿನ ತುಂಡಿನಲ್ಲಿ, ಎರಡು ಆಬ್ಜೆಕ್ಟ್‌ಗಳಿದ್ದವು: ಹೀಟರ್, ಥರ್ಮಾಮೀಟರ್. ಎಷ್ಟು ಬಿಸಿಯಾಗಬಹುದು ಎಂಬ ಮಿತಿಯನ್ನು ಹೀಟರ್ ಹುಟ್ಟುವಾಗಲೇ ಥರ್ಮಾಮೀಟರಿನಿಂದ ಕೇಳಿಕೊಳ್ಳಬೇಕು. ಅವಕ್ಕೆ ಜನ್ಮ ಕೊಡುವ ಕನ್‌ಸ್ಟ್ರಕ್ಟರಿನ ಪಟ್ಟಿಯಲ್ಲಿ ತಂಗಿ ಥರ್ಮಾಮೀಟರನ್ನೇ ಮೊದಲು ಬರೆದಿದ್ದಳು. ಆದರೆ ನಾವು ಬಳಸುವ ಭಾಷೆ ಆ ಪಟ್ಟಿಯ ಕ್ರಮವನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಕ್ಲಾಸಿನಲ್ಲಿ ಮೊದಲು ಘೋಷಿಸಿದ್ದೇ ಮೊದಲು ಹುಟ್ಟುತ್ತದೆ. ಅಲ್ಲಿ ಹೀಟರ್ ಮುಂದಿತ್ತು. ಇನ್ನೂ ಹುಟ್ಟದ ಥರ್ಮಾಮೀಟರನ್ನು ಕೇಳಿ, ಮೆಮೊರಿಯಲ್ಲಿ ಬಿದ್ದಿದ್ದ ಯಾವುದೋ ಕಸದ ಸಂಖ್ಯೆಯನ್ನು ಮಿತಿಯೆಂದು ನಂಬುತ್ತಿತ್ತು.

"ಏನಾದ್ರೂ ಸಿಕ್ತಾ ಅಕ್ಕಾ? ನಿನ್ನ ಭೂತಗನ್ನಡಿಗೆ ಏನೂ ಕಾಣ್ಲಿಲ್ಲ ಅಂದ್ರೆ ನಾನು ನೆಮ್ಮದಿಯಾಗಿ ಮನೆಗೆ ಹೋಗ್ತೀನಿ."

"ಏನಿಲ್ಲ. ಹೋಗು."

ನಾಳೆ ಎಲ್ಲರೆದುರು ಯಂತ್ರ ಕೈಕೊಡುತ್ತದೆ, ಪರೀಕ್ಷೆಯ ಕೋಣೆಯಲ್ಲಿ ಯಾರಿಗೂ ಅಪಾಯವಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಕೈಕೊಡಲಿಲ್ಲ. ಕಸದ ಸಂಖ್ಯೆ ಅದೃಷ್ಟಕ್ಕೆ ಚಿಕ್ಕದಾಗಿತ್ತು. ಒದ್ದೆ ಟವೆಲುಗಳು ಹದವಾಗಿ ಒಣಗಿ ಹೊರಬಂದವು.

"ತಂಗಿ ನಿಮ್ಮನ್ನೇ ಮೀರಿಸಿಬಿಟ್ಲಲ್ಲಮ್ಮಾ," ಎಂದರು ಮ್ಯಾನೇಜರ್, ಟವೆಲನ್ನು ಕೆನ್ನೆಗೆ ಒತ್ತಿಕೊಂಡು. "ಇನ್ನೂರು ಯಂತ್ರಕ್ಕೂ ಇದನ್ನೇ ಹಾಕಿ ಇವತ್ತೇ ಕಳಿಸ್ತೀನಿ."

ನಾನೂ ಚಪ್ಪಾಳೆ ತಟ್ಟಿದೆ. ಹೊಟ್ಟೆ ಉರಿಯುತ್ತಿತ್ತು. ಇನ್ನೂರು ಮನೆಗಳಲ್ಲಿ ಆ ಸಂಖ್ಯೆ ಚಿಕ್ಕದೇ ಆಗಿರುತ್ತದೆಂದು ಹೇಳುವವರು ಯಾರು? ಈಗ ಬಾಯಿ ಬಿಟ್ಟರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಅದು ಸುಳ್ಳೂ ಅಲ್ಲ.

ತಂಗಿಯನ್ನು ಕರೆದು ಪರದೆಯ ಮೇಲಿನ ಎಚ್ಚರಿಕೆಯ ಸಾಲಿಗೆ ಬೆರಳಿಟ್ಟೆ. ಓದುತ್ತಿದ್ದಂತೆ ಅವಳ ಮುಖ ಬಿಳಿಚಿಕೊಂಡಿತು.

"ಯಾವಾಗ ನೋಡ್ದೆ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. "ನಿನ್ನೆ," ಎಂದೆ.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ನೇರ ಮ್ಯಾನೇಜರ್ ಕೋಣೆಗೆ ನಡೆದಳು. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ.

"ಕಳಿಸ್ಬೇಡಿ ಸಾರ್. ನಾನು ತಪ್ಪು ಮಾಡಿದ್ದೀನಿ. ಅಕ್ಕ ಕಂಡುಹಿಡಿದ್ಲು."

"ಯಾವಾಗ?"

"ಈಗ ತಾನೇ."

ನಾನಾಗಿದ್ದರೆ ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ. ಅದಕ್ಕೂ ಕರುಬುತ್ತಾ ಬಾಗಿಲಲ್ಲೇ ನಿಂತಿದ್ದೆ.