ಮುಂದಿಟ್ಟ ಕಾಲು

ಅಂಗೈಗೆ ಇನ್ನೊಂದಿಷ್ಟು ಎಳ್ಳೆಣ್ಣೆ ಬೇಕು, ಹಿಟ್ಟು ಆರುತ್ತಿದೆ, ಆರಿದರೆ ಅಚ್ಚು ಕೂರುವುದಿಲ್ಲ, ಮಾಚಿಪತ್ರೆಯ ಕಹಿ ವಾಸನೆ ಉಗುರಿನ ಸಂದಿಗೂ ಹೊಕ್ಕಿದೆ, ಬೆಳಿಗ್ಗೆ ಬಜೆ ನೀರಲ್ಲಿ ತೊಳೆದ ಕೂದಲು ಕುತ್ತಿಗೆಗೆ ಇನ್ನೂ ತಣ್ಣಗೆ ಅಂಟಿದೆ, ಚಕ್ರದ ಅಚ್ಚು ಒತ್ತುವಾಗ ಒಕ್ಸಿಮ್‌ಳ ಹೆಬ್ಬೆರಳು ಜಾರಿ ಕಡುಬಿನ ಗೆರೆ ಓರೆಯಾಯಿತು, ದಾನೊ ಹಬ್ಬದ ದಿನ ಕೈ ಜಾರಬಾರದು, ಮಧ್ಯಾಹ್ನ ಅಖಾಡದಲ್ಲಿ ಕಾಲು ಜಾರಬಾರದು — ಕಾಲು ಜಾರುವುದಿಲ್ಲ, ಅದಕ್ಕೇ ಭಯ, ಕಳೆದ ವರ್ಷ ಅದು ಮಾಡಿದ್ದು ಅವಳನ್ನು ಕೇಳಿ ಮಾಡಿದ್ದಲ್ಲ, ಅಲ್ಲ, ಕೇಳಿಯೇ ಮಾಡಿತು, ರೆಪ್ಪೆ ಬಡಿಯುವಷ್ಟರಲ್ಲಿ ಅವಳು ಹೂಂ ಅಂದಿದ್ದಳು. ಹುಲ್ಲಿನ ಮೇಲೆ ಬಿಳಿ ಕಾಲುಚೀಲ ತೊಟ್ಟ ಪಾದ, ಬೆರಳು ತುಸು ಒಳಕ್ಕೆ ತಿರುಗಿ. ಬೇಡ, ಹಿಟ್ಟು ನೋಡು. ಚಿಕ್ಕಮ್ಮ ಹಬೆಯ ಪಾತ್ರೆ ಇಳಿಸುತ್ತ ಅನ್ನುತ್ತಾಳೆ, ಏನೇ, ಕಡುಬನ್ನ ಒತ್ತುತಿದ್ದೀಯೋ ಒದೀತಿದ್ದೀಯೋ, ಸಂಜೆಗೆ ಗುರು ಅನ್ನಿಸ್ಕೊಳ್ಳೋಳು ಮಾಡೋ ಕಡುಬಾ ಇದು — ಅಡುಗೆಕೋಣೆಯ ಹೆಂಗಸರೆಲ್ಲ ನಗುತ್ತಾರೆ, ಅವಳೂ ನಗುತ್ತಾಳೆ. ಗುರು. ಅಪ್ಪ ಅಖಾಡದ ಗುರುವಾಗಿ ಕೂರುತ್ತಿದ್ದ ಚಾಪೆ, ಅವನು ಸತ್ತ ಮೇಲೆ ಸುತ್ತಿಟ್ಟದ್ದು, ಇವತ್ತೂ ತಮ್ಮ ಕೆಳಗಿನ ಹಳ್ಳಿ ಗೆದ್ದರೆ ಅದು ಅವಳಿಗೇ ಎಂದು ಹಿರಿಯರು ಮಾತಾಡಿ ಮುಗಿಸಿದ್ದಾರೆ, ಮೂವತ್ತು ವರ್ಷ ಅವಳು ಕಾದದ್ದು ಆ ಚಾಪೆಗೇ.

ಅಪ್ಪ ಆ ಚಾಪೆಯ ಮೇಲೆ ಕೂತು ಹೇಳುತ್ತಿದ್ದ, ನಮ್ಮ ಈ ಕಾಲಿನ ಕುಸ್ತಿ ತೆಕ್ಯೊನ್ ಇದೆಯಲ್ಲ, ಯುದ್ಧದಲ್ಲಿ ಹುಟ್ಟಿದ ವಿದ್ಯೆ ಅಂತಾರೆ ಪಟ್ಟಣದೋರು, ಇರಬಹುದು, ನಮಗೆ ಬಂದಿದ್ದು ಮಾತ್ರ ಹಬ್ಬದಿಂದ, ಮೇಲಿನ ಹಳ್ಳಿಯೋರು ಕೆಳಗಿನ ಹಳ್ಳಿಯೋರು ಒಬ್ಬರನ್ನೊಬ್ಬರು ಕೆಡವಿ ನಗೋಕೆ, ಜಪಾನಿನ ಪೊಲೀಸರು ಅಖಾಡ ಮುಚ್ಚಿಸಿದಾಗ ನಮ್ಮಜ್ಜ ಬೇರು ಗಟ್ಟಿಯಾಗ್ಲಿ ಅಂತ ಬಾರ್ಲಿ ಪೈರು ತುಳಿಯೋ ನೆಪದಲ್ಲಿ ಹೆಜ್ಜೆ ಉಳಿಸ್ಕೊಂಡ, ಪೈರು ತುಳಿಯೋನನ್ನ ಯಾರು ಹಿಡೀತಾರೆ — ಒಂದು, ಎರಡು, ಮೂರು, ಮಂಡಿ ಬಗ್ಗಿಸಿ ಸೊಂಟ ತೂಗಿ, ಏಳು ವರ್ಷದ ಅವಳೂ ಅದೇ ಗದ್ದೆಯಲ್ಲಿ ಅಪ್ಪನ ಹಿಂದೆ, ಒಂದು ಕಾಲು ಯಾವಾಗ್ಲೂ ಎದುರಾಳಿಗೆ ಎಟಕೋ ಹಾಗೆ ಮುಂದಿಡು ಮಗಳೇ, ಅದು ಉಪಚಾರ, ಮನೆಗೆ ಬಂದೋರಿಗೆ ಬಡಿಸೋ ಹಾಗೆ ಕಾಲನ್ನ ಬಡಿಸ್ಬೇಕು, ಆದ್ರೆ ಇಟ್ಟ ಕಾಲಿನ ಮೇಲೆ ಭಾರ ಬಿಡಬೇಡ, ಹಗುರ ಇದ್ರೆ ಜಾರುತ್ತೆ, ಭಾರ ಇದ್ರೆ ಮುರಿಯುತ್ತೆ, ಒದೆಯೋಳು ನೀನಾದ್ರೆ ಮೊದಲು ಪಾದ ತಾಗಿಸು, ಆಮೇಲೆ ತಳ್ಳು, ಬಡೀಬೇಡ, ಬಡಿದೋನು ತಾನೇ ಅಖಾಡದಿಂದ ಆಚೆ ಹೋಗ್ಬೇಕು, ಯಾರೂ ನೋಡದಿದ್ರೂ. ಯಾರೂ ನೋಡಲಿಲ್ಲ. ಕಳೆದ ವರ್ಷ ಆಟ ಬೆಳಿಗ್ಗೆಯೇ, ಎದುರಿಗೆ ಮೇಲಿನ ಹಳ್ಳಿಯ ಗೆಳತಿ ಗುಮ್ಜಾ, ಅವಳಿಗೆ ದಣಿವಾಗಿತ್ತು, ಮುಂದಿಟ್ಟ ಎಡಗಾಲಿನ ಮೇಲೆ ಒಂದು ಕ್ಷಣ ಭಾರ ಬಿಟ್ಟಳು, ಬಿಟ್ಟದ್ದನ್ನು ಒಕ್ಸಿಮ್ ಕಂಡಳು, ಕಂಡೇ ಬಡಿದಳು, ಒಣಗಿದ ಹುರುಳಿಕಾಯಿ ಸಿಡಿದಂಥ ಸದ್ದು, ಜನರ ಚಪ್ಪಾಳೆ, ಆಮೇಲೆ ನೆಲದ ಮೇಲಿಂದ ಗುಮ್ಜಾಳ ದನಿ, ಇಬ್ಬನಿ, ಹುಲ್ಲು ಜಾರ್ತು. ಬಿಳಿ ಕಾಲುಚೀಲ. ಆಸ್ಪತ್ರೆಗೆ ಗಂಜಿ ಒಯ್ದಾಗಲೂ ಅವಳು ಅಂದದ್ದು ಉಪ್ಪು ಸಾಲದು ಅಂತ ಮಾತ್ರ.

ಹೊಸ್ತಿಲಾಚೆ ಹೆಜ್ಜೆಯ ಸದ್ದು, ಒಂದು ಗಟ್ಟಿ ಒಂದು ಮೆತ್ತಗೆ, ನೋಡದೆಯೂ ಗೊತ್ತು, ಗುಮ್ಜಾ, ಮೇಲಿನ ಹಳ್ಳಿಯಿಂದ ನಡೆದೇ ಬಂದಿದ್ದಾಳೆ, ಲೇ ಒಕ್ಸಿಮ್, ಜಾಸ್ತಿ ತಿನ್ನಬೇಡ ಕಣೇ, ಇವತ್ತು ನಾನು ಕೆಡವಿದಾಗ ನೆಲಕ್ಕೆ ನೋವಾಗುತ್ತೆ. ಮಂಡಿ ಹೇಗಿದೆಯೇ ಎಂದು ಚಿಕ್ಕಮ್ಮ. ಮಳೆ ಬರೋಕೆ ಮುಂಚೆ ಹೇಳುತ್ತೆ ಚಿಕ್ಕಮ್ಮ, ರೇಡಿಯೋಗಿಂತ ವಾಸಿ. ಇವತ್ತು ಬಲಗಾಲೇ ಮುಂದಿಡು ತಾಯಿ. ಇಲ್ಲ, ಅದೇ ಎಡಗಾಲು ಇಡ್ತೀನಿ — ಅಂದದ್ದು ಚಿಕ್ಕಮ್ಮನಿಗೆ, ನೋಡಿದ್ದು ಒಕ್ಸಿಮ್‌ಳನ್ನು, ಬೇಕಾದ್ದಕ್ಕಿಂತ ಒಂದು ಉಸಿರು ಹೆಚ್ಚು ಹೊತ್ತು, ಒಂದು ಬಿಸಿ ಕಡುಬು ಎತ್ತಿಕೊಂಡು ಊದುತ್ತ ಹೋದಳು. ಗೊತ್ತು ಅವಳಿಗೆ. ಕಣ್ಣಿಗೆ ಕಾಣದೆ ಹೋಗಬಹುದು, ಮೂಳೆಗೆ ಗೊತ್ತಾಗದೆ ಇರುತ್ತದೆಯೇ, ತಳ್ಳಿದ್ದು ಯಾವುದು ಬಡಿದದ್ದು ಯಾವುದು ಎಂದು, ಗೊತ್ತಿದ್ದೇ ಇಬ್ಬನಿ ಅಂದಳು. ಈಗಲೇ ಹೇಳಿಬಿಟ್ಟರೆ, ಈ ಹೆಂಗಸರ ನಡುವೆ, ಚಿಕ್ಕಮ್ಮ ನಾನು ಬಡಿದೆ ಅಂತ, ಚಾಪೆ ಹೋಗುತ್ತದೆ, ಹೋಗಲಿ, ಆದರೆ ಗುಮ್ಜಾ ಒಂದು ವರ್ಷ ನೋವು ನುಂಗಿ ಕಾಪಾಡಿದ ಆ ಒಂದು ಸುಳ್ಳು, ಅದನ್ನೂ ಅವಳ ಕೈಯಿಂದ ಕಿತ್ತು ಬೀದಿಗೆ ಎಸೆದಂತೆ, ಎರಡನೇ ಸಲ ಬಡಿದಂತೆ. ಆಡದೆ ತಪ್ಪಿಸಿಕೊಂಡರೆ ಅದೂ ಬಡಿದಂತೆಯೇ, ಬಡಿಸಿದ ಎಲೆಯ ಮುಂದಿನಿಂದ ಎದ್ದುಹೋದಂತೆ. ಬೇಕೆಂದೇ ಬಿದ್ದುಕೊಟ್ಟರೆ ಗುಮ್ಜಾ ಮುಖಕ್ಕೆ ಉಗಿಯುತ್ತಾಳೆ. ಹಾಗಾದರೆ ಉಳಿದದ್ದು — ಕೈ ನಿಂತಿತು, ಹಿಟ್ಟು ಪೂರ್ತಿ ಆರಿದೆ, ಡೋಲು ಬಡಿದಾಗ ಒಕ್ಸಿಮ್ ತಾನೂ ಎಡಗಾಲು ಮುಂದಿಡುತ್ತಾಳೆ, ಇಟ್ಟು ಮೈಯ ಭಾರವನ್ನೆಲ್ಲ ಅದರ ಮೇಲೆಯೇ ಬಿಡುತ್ತಾಳೆ, ಗುಮ್ಜಾಳಿಗೆ ಕಾಣುವ ಹಾಗೆ, ಗುಮ್ಜಾಳಿಗೆ ಮಾತ್ರ, ಅವಳ ಕಾಲು ಬರುವುದನ್ನು ನೋಡಿಯೂ ಹಿಂದಕ್ಕೆ ಎಳೆಯುವುದಿಲ್ಲ, ತಳ್ಳುವುದೋ ಬಡಿಯುವುದೋ ಅತಿಥಿಗೆ ಬಿಟ್ಟದ್ದು. ಏನೇ ಅಷ್ಟು ಯೋಚನೆ, ಚಿಕ್ಕಮ್ಮನ ದನಿ. ಏನಿಲ್ಲ ಚಿಕ್ಕಮ್ಮ, ಎಣ್ಣೆ ಮುಗೀತು. ಹುಲ್ಲು, ಹುಲ್ಲಿನ ಮೇಲೆ ಬಿಳಿ ಕಾಲುಚೀಲ, ಬೆರಳು ತುಸು ಒಳಕ್ಕೆ ತಿರುಗಿದ ಪಾದ, ಈಗ ಅದು ಒಕ್ಸಿಮ್‌ಳದೇ, ಹುಲ್ಲಿನಲ್ಲಿ ಹಿಮ್ಮಡಿಯವರೆಗೂ ಹೂತು —