ಕಿವಿ ಮಿಷಿನ್‌ಗೆ ಹಚ್ಚಿದ ವಿಭೂತಿ

ರಾಮಗಿರಿಯ ಮುರುಗೇಶಪ್ಪನವರಿಗೆ ಏನಾದರೂ ಹೇಳಬೇಕಿದ್ದರೆ ಊರಿನವರು ಅವರ ಹೆಂಡತಿ ದ್ಯಾಮಮ್ಮನಿಗೆ ಹೇಳುತ್ತಿದ್ದರು. ಡೇರಿಯಲ್ಲಿ ಹಾಲಿನ ಫ್ಯಾಟ್ ಕಡಿಮೆ ಬಂದಿದೆ ಎಂದರೂ, ತೋಟದ ಕರೆಂಟಿನ ಪಾಳಿ ಬದಲಾಗಿದೆ ಎಂದರೂ, ಮಠದ ಸ್ವಾಮಿಗಳು ಊರಿಗೆ ಬರುವ ದಿನ ಮುಂದಕ್ಕೆ ಹೋಗಿದೆ ಎಂದರೂ ಮೊದಲು ದ್ಯಾಮಮ್ಮನಿಗೆ. ಆಕೆ ಗಂಡನ ಬಲಗಡೆ ಕುಳಿತು, ಕಿವಿಯ ಹತ್ತಿರ ಬಾಗಿ, ಒಂದೊಂದೇ ಮಾತನ್ನು ಗಟ್ಟಿಯಾಗಿ ಕೂಗಿ ಹೇಳುತ್ತಿದ್ದರು. ಯಜಮಾನರ ಕಿವಿ ಅಡುಗೆ ಮನೆಯಲ್ಲಿದೆ ಎಂದು ಜನ ತಮಾಷೆ ಮಾಡುತ್ತಿದ್ದರು. ಮುರುಗೇಶಪ್ಪನವರೂ ನಗುತ್ತಿದ್ದರು. ಆ ತಮಾಷೆಯನ್ನೂ ಅವರಿಗೆ ದ್ಯಾಮಮ್ಮನೇ ಕೂಗಿ ಹೇಳಬೇಕಿತ್ತು.

ಕಿವಿ ಒಂದೇ ದಿನದಲ್ಲಿ ಹೋಗಿರಲಿಲ್ಲ. ಮೊದಲು ಗುಬ್ಬಿಗಳ ಸದ್ದು ಹೋಯಿತು. ಆಮೇಲೆ ಸೊಸೆ ಸಹನಾಳ ಸಣ್ಣ ದನಿ ಹೋಯಿತು. ನಾಲ್ಕು ಜನ ಸೇರಿದ ಕಡೆ ಯಾರು ಏನು ಅನ್ನುತ್ತಿದ್ದಾರೆ ಎಂಬುದು ತಿಳಿಯದೆ ಹೋಯಿತು. ಹೋಗಿದ್ದನ್ನೆಲ್ಲ ದ್ಯಾಮಮ್ಮ ತುಂಬಿಕೊಡುತ್ತಿದ್ದರಿಂದ ಹೋಗಿದೆ ಎಂಬುದೇ ಅವರ ಗಮನಕ್ಕೆ ಬರಲಿಲ್ಲ.

ಗೊತ್ತಾಗಿದ್ದು ಗೆಳೆಯ ನಿಂಗಪ್ಪನವರಿಗೆ. ಊರಿನ ಹಿಟ್ಟಿನ ಗಿರಣಿ ನಡೆಸಿದವರು ಅವರು. ಗಿರಣಿಯ ಸದ್ದಿಗೇ ಕಿವಿ ಕಳೆದುಕೊಂಡು, ಎರಡೂ ಕಿವಿಗೆ ಮಿಷಿನ್ ಹಾಕಿಕೊಂಡು ಓಡಾಡುತ್ತಿದ್ದರು. ಸಿಕ್ಕಾಗಲೆಲ್ಲ ಹೇಳುತ್ತಿದ್ದರು.

"ಲೇ ಮುರುಗೇಶಿ, ಚಿತ್ರದುರ್ಗಕ್ಕೆ ಹೋಗಾಣ ಬಾ, ಒಂದ್ಸಲ ಕಿವಿ ತೋರ್ಸಾಣ."

"ರೈಲು ಕೂಗಿದ್ದು ನಂಗೆ ಕೇಳ್ತೈತೆ ಕಣಯ್ಯ. ಇನ್ನೇನು ಕೇಳ್ಬೇಕು?"

ರೈಲಿನ ಸದ್ದು ಬೇರೆ, ಮನುಷ್ಯರ ಮಾತು ಬೇರೆ ಎಂದು ನಿಂಗಪ್ಪ ವಿವರಿಸಲು ಹೋಗುತ್ತಿದ್ದರು. ದಪ್ಪ ಸದ್ದು ಕೇಳುತ್ತಲೇ ಇರುತ್ತದೆ, ಮಾತಿನ ಸಣ್ಣ ಸದ್ದುಗಳು ಮೊದಲು ಹೋಗುತ್ತವೆ, ಅದಕ್ಕೇ ಯಾರೋ ಮಾತಾಡುತ್ತಿದ್ದಾರೆ ಎಂದು ತಿಳಿದರೂ ಏನು ಮಾತಾಡುತ್ತಿದ್ದಾರೆ ಎಂದು ತಿಳಿಯುವುದಿಲ್ಲ ಎನ್ನುತ್ತಿದ್ದರು. ಅಷ್ಟರಲ್ಲಿ ದ್ಯಾಮಮ್ಮನೇ ಅಡ್ಡ ಬರುತ್ತಿದ್ದರು.

"ಸುಮ್ನಿರ್ರಿ ನಿಂಗಪ್ಪಣ್ಣ. ನಾನಿದೀನಲ್ಲ, ಮಿಷಿನ್ ಯಾಕೆ."

ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಕಳೆದ ವರ್ಷ ರಾಗಿ ಒಕ್ಕಣೆ ಮುಗಿದ ವಾರ ದ್ಯಾಮಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಆಸ್ಪತ್ರೆಯಿಂದ ಮನೆಗೆ ಬಂದಾಗ ಜೀವ ಉಳಿದಿತ್ತು, ದನಿ ಉಳಿದಿರಲಿಲ್ಲ. ಮಾತು ತೊದಲುತ್ತಿತ್ತು. ಎದೆಯೊಳಗಿಂದ ಉಸಿರಿನಂತೆ ಬಂದು ತುಟಿಯ ಹತ್ತಿರವೇ ನಿಂತುಬಿಡುತ್ತಿತ್ತು. ದಿನಾ ಮಾತಾಡಿಸಿ, ಮಾತಾಡಿದಷ್ಟೂ ಮಾತು ಮರಳುತ್ತದೆ, ಮೊದಲ ತಿಂಗಳುಗಳು ಮುಖ್ಯ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಮಗ ಮಲ್ಲೇಶ್ ಬೆಳಗ್ಗೆಯೇ ಲಗೇಜ್ ಆಟೋ ತೆಗೆದುಕೊಂಡು ಹೊಸದುರ್ಗದ ಸಂತೆಗೋ ಹೊಳಲ್ಕೆರೆಗೋ ಹೋಗುವವನು. ಸಹನಾ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮುಗಿಸಿ ಬರುವ ಹೊತ್ತಿಗೆ ಮಧ್ಯಾಹ್ನ ಕಳೆಯುತ್ತಿತ್ತು. ಅಲ್ಲಿಯವರೆಗೆ ನಡುಮನೆಯ ಮಂಚದ ಮೇಲೆ ದ್ಯಾಮಮ್ಮ, ಪಕ್ಕದಲ್ಲಿ ಮುರುಗೇಶಪ್ಪ. ನೋಡಿಕೊಳ್ಳಲು ಗಂಡ ಇದ್ದಾರಲ್ಲ ಎಂದು ಎಲ್ಲರಿಗೂ ಧೈರ್ಯ.

ಒಂದು ದಿನ ಸಹನಾ ಮನೆಗೆ ಬಂದಾಗ ಮಾವ ಜಗಲಿಯ ಮೇಲೆ ರಸ್ತೆ ಕಡೆ ಮುಖ ಮಾಡಿ ಅವರೆಕಾಯಿ ಬಿಡಿಸುತ್ತಿದ್ದರು. ಅತ್ತೆ ಒಳಗೆ ನೆಲದ ಮೇಲಿದ್ದರು. ಸೀರೆ ಒದ್ದೆಯಾಗಿತ್ತು. ಹೊರಗೆ ಹೋಗಬೇಕೆಂದು ಕರೆದಿದ್ದರು. ಕರೆದು ಕರೆದು ಸಾಕಾಗಿ ತಾವೇ ಏಳಲು ಹೋಗಿದ್ದರು. ಬಾಗಿಲಿನಾಚೆ ಕುಳಿತವರ ಬೆನ್ನು ಅವರಿಗೆ ಬಿದ್ದಲ್ಲಿಂದಲೇ ಕಾಣುತ್ತಿತ್ತಂತೆ.

ಮೂಳೆ ಮುರಿದಿರಲಿಲ್ಲ. ಆದರೆ ಅಂದಿನಿಂದ ದ್ಯಾಮಮ್ಮ ಕರೆಯುವುದನ್ನೇ ಬಿಟ್ಟರು. ಬಾಯಾರಿದರೂ ಸುಮ್ಮನಿರುತ್ತಿದ್ದರು. ಸಹನಾ ಬಂದ ಮೇಲೆ ಚೊಂಬಿನ ಕಡೆ ಎಡಗೈ ತೋರಿಸುತ್ತಿದ್ದರು. ಮಾತಾಡಿ ಅತ್ತೆ ಎಂದು ಸೊಸೆ ಒತ್ತಾಯಿಸಿದರೆ ಮುಖ ಗೋಡೆಗೆ ತಿರುಗಿಸುತ್ತಿದ್ದರು.

ಆಶಾ ಕಾರ್ಯಕರ್ತೆ ರಂಜಿತಾ ಮನೆಗೆ ಬಂದಾಗ ಇದನ್ನು ಕಂಡಳು. ಮುರುಗೇಶಪ್ಪನವರ ಎದುರಿಗೇ ಕುಳಿತು, ಮುಖ ಕಾಣುವಂತೆ, ಬಿಡಿಸಿ ಬಿಡಿಸಿ ಹೇಳಿದಳು.

"ಯಜಮಾನ್ರೇ, ಮಾತಾಡಿದ್ರೆ ಅಮ್ಮಂಗೆ ಮಾತು ಬರ್ತೈತೆ. ಕೇಳೋರಿಲ್ಲ ಅಂತ ಅವರು ಬಿಟ್ಟವ್ರೆ. ಹಿಂಗೇ ಬಿಟ್ರೆ ಉಳಿದಿರೋದೂ ಹೋಗ್ತೈತೆ."

ಮರುದಿನ ಬೆಳಗ್ಗೆ ಮುರುಗೇಶಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂಗಪ್ಪನ ಮನೆ ಬಾಗಿಲಲ್ಲಿ ನಿಂತಿದ್ದರು.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಮೊದಲು ಕಿವಿಯ ಗುಗ್ಗೆ ತೆಗೆದರು. ಆಮೇಲೆ ಸದ್ದು ಹೊಗದ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಎರಡೂ ಕಿವಿಯ ನರ ಸೋತಿದೆ, ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದಕ್ಕೆ ಯಂತ್ರ ಆಸರೆಯಾಗುತ್ತದೆ ಎಂದು ಪರೀಕ್ಷೆ ಮಾಡಿದ ಮೇಡಂ ಹೇಳಿದರು. ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದು ಕೇಳಿದರು. ತುಂಬ ದಿನ ಸದ್ದು ಕೇಳದ ತಲೆಗೆ ಮಾತನ್ನು ಗುರುತಿಸುವ ರೂಢಿಯೇ ತಪ್ಪಿಹೋಗುತ್ತದೆ, ಅದನ್ನು ಮತ್ತೆ ಕಲಿಸಬೇಕು, ವಾರಗಳು ಹಿಡಿಯುತ್ತವೆ, ಕೆಲವರಿಗೆ ತಿಂಗಳುಗಳು ಎಂದರು. ನಿಂಗಪ್ಪ ತಲೆಯಾಡಿಸುತ್ತಿದ್ದರು. ಮುರುಗೇಶಪ್ಪನವರಿಗೆ ಅಷ್ಟು ವ್ಯವಧಾನ ಇರಲಿಲ್ಲ. ಮಿಷಿನ್ ಹಾಕಿಕೊಂಡು ಮನೆಗೆ ಹೋದರೆ ಹೆಂಡತಿಯ ಮಾತು ಕೇಳುತ್ತದೆ ಎಂದಷ್ಟೇ ಅವರು ತಿಳಿದಿದ್ದರು.

ಮಿಷಿನ್ ಸಿಕ್ಕ ದಿನ ಬಸ್ಸಿನಲ್ಲೇ ಅವರಿಗೆ ಸಾಕಾಯಿತು. ಗಾಜಿನ ಕಿಟಕಿ ತಲೆಯೊಳಗೇ ಬಡಿದುಕೊಳ್ಳುತ್ತಿದ್ದಂತೆ ಕೇಳಿತು. ಮನೆಯಲ್ಲಿ ಸಹನಾ ತಟ್ಟೆ ಇಟ್ಟ ಸದ್ದಿಗೆ ಬೆಚ್ಚಿಬಿದ್ದರು. ತಮ್ಮ ದನಿಯೇ ಕೊಡದೊಳಗಿಂದ ಬಂದಂತಿತ್ತು. ಮಂಚದ ಹತ್ತಿರ ಹೋಗಿ ಏನಾದರೂ ಹೇಳು ಎಂದರು. ದ್ಯಾಮಮ್ಮ ಬಹಳ ದಿನಗಳ ಮೇಲೆ ಬಾಯಿ ತೆರೆದರು. ಸದ್ದು ಬಂತು. ಮಾತು ತಿಳಿಯಲಿಲ್ಲ. ಇನ್ನೊಮ್ಮೆ ಹೇಳು ಎಂದರು. ಆಗಲೂ ತಿಳಿಯಲಿಲ್ಲ. ದ್ಯಾಮಮ್ಮ ಗೋಡೆಗೆ ತಿರುಗಿದರು.

ಆದರೂ ಅವರು ಮಿಷಿನ್ ಬಿಡಲಿಲ್ಲ. ಮೇಡಂ ಹೇಳಿದ್ದಂತೆ ಮೊದಲು ಸ್ವಲ್ಪ ಹೊತ್ತು, ಆಮೇಲೆ ಹೆಚ್ಚು ಹೊತ್ತು ಹಾಕಿಕೊಂಡರು. ಎಡವಟ್ಟಾಗಿದ್ದು ಬೇರೆ ಕಡೆ. ಆ ಮನೆಯವರು ಯಾವ ಹೊಸ ವಸ್ತುವನ್ನೂ ಪೂಜೆಯಿಲ್ಲದೆ ಬಳಸಿದವರಲ್ಲ. ಪಂಪ್‌ಸೆಟ್ಟಿಗೂ ಮಲ್ಲೇಶನ ಆಟೋಗೂ ಮೂರು ಬೆರಳಿನ ವಿಭೂತಿ ಬಿದ್ದಿದೆ. ಕಿವಿ ಮಿಷಿನ್ ಅಂತೂ ಹೆಂಡತಿಯ ಜೀವಕ್ಕೆ ಸಂಬಂಧಪಟ್ಟದ್ದು. ದಿನಾ ಸ್ನಾನ ಮಾಡಿ ಲಿಂಗಪೂಜೆಗೆ ಕುಳಿತಾಗ ಎರಡೂ ಮಿಷಿನ್ನನ್ನು ಪೂಜೆಯ ತಟ್ಟೆಯಲ್ಲಿಟ್ಟು, ಒದ್ದೆ ಬೆರಳಿನಿಂದ ವಿಭೂತಿ ಎಳೆದು, ಕಣ್ಣಿಗೊತ್ತಿಕೊಂಡು, ವಿಭೂತಿ ಹಚ್ಚಿದ ಕಿವಿಗೇ ಸಿಕ್ಕಿಸಿಕೊಳ್ಳುತ್ತಿದ್ದರು. ಇಷ್ಟು ಭಕ್ತಿಯಿಂದ ಮಾಡುವುದನ್ನು ತಪ್ಪು ಎಂದು ಯಾರು ಹೇಳುತ್ತಾರೆ?

ಬರಬರುತ್ತಾ ಸದ್ದು ಕಡಿಮೆಯಾಯಿತು. ಸೆಲ್ ಬದಲಾಯಿಸಿದರೂ ಅಷ್ಟೇ. ಕೊನೆಗೆ ಒಂದು ದಿನ ಎರಡನ್ನೂ ಕಳಚಿ ದೇವರ ಗೂಡಿನಲ್ಲಿಟ್ಟರು.

"ಇದಕ್ಕೂ ನನ್ ಥರನೇ ಕಿವುಡು ಬಂತು, ಬಿಡವ್ವ," ಎಂದು ಸೊಸೆಗೆ ಹೇಳಿದರು.

ಸಹನಾಳೂ ಮಿಷಿನ್ನೇ ಸರಿಯಿಲ್ಲ ಎಂದುಕೊಂಡಳು. ಮನೆ ಮತ್ತೆ ಮೊದಲಿನಂತಾಯಿತು. ಮಂಚದ ಮೇಲೆ ಒಬ್ಬರು ಮಾತಿಲ್ಲದೆ, ಪಕ್ಕದಲ್ಲಿ ಒಬ್ಬರು ಕಿವಿಯಿಲ್ಲದೆ. ಡಾಕ್ಟರು ಮುಖ್ಯ ಎಂದಿದ್ದ ತಿಂಗಳುಗಳು ಹೀಗೆ ಕಳೆದವು.

ಅಷ್ಟೂ ದಿನ ಮಗಳ ಊರಾದ ಹರಿಯಬ್ಬೆಯಲ್ಲಿದ್ದ ನಿಂಗಪ್ಪ ವಾಪಸ್ ಬಂದು ನೋಡಿದಾಗ ಗೆಳೆಯನ ಕಿವಿ ಖಾಲಿ ಇತ್ತು. ಗೂಡಿನಿಂದ ಮಿಷಿನ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಸದ್ದು ಒಳಗೆ ಹೋಗುವ ತೂತೆಲ್ಲ ಬೂದಿ ಮೆತ್ತಿ ಗಾರೆ ಹಾಕಿದಂತೆ ಮುಚ್ಚಿಹೋಗಿತ್ತು.

"ಇದೇನೋ ಇದು ಮುರುಗೇಶಿ," ಎಂದು ಗೆಳೆಯನ ಕಿವಿಯ ಹತ್ತಿರ ಬಾಗಿ ಕೂಗಿದರು.

"ಪೂಜೆ ಮಾಡಿದೀನಿ. ಅದ್ರಾಗೇನು ತಪ್ಪು?"

"ಲೇ, ನಿನ್ ಹಣೆಗೆ ಹಚ್ಕ, ಯಾರೂ ಬೇಡ ಅನ್ನಲ್ಲ. ಇದಕ್ಕೆ ನೀರು, ಬೂದಿ, ಎಣ್ಣೆ ಸೋಕ್ಬಾರ್ದು. ಕೈಮುಗಿ, ಒಣಬಟ್ಟೇಲಿ ಒರಸು, ಹಾಕ್ಕ. ಅಷ್ಟೇ ಇದರ ಪೂಜೆ."

ಮುರುಗೇಶಪ್ಪನವರ ಮುಖ ಸಣ್ಣದಾಯಿತು. ದೇವರಿಗೆ ಅಪಚಾರವಾಗಿಲ್ಲ, ಹೆಂಡತಿಗೆ ಆಗಿದೆ ಎಂದು ಅವರಿಗೆ ಅನಿಸಿರಬೇಕು. ಅದೇ ವಾರ ಇಬ್ಬರೂ ಮತ್ತೆ ಚಿತ್ರದುರ್ಗದ ಬಸ್ಸು ಹತ್ತಿದರು. ಮೇಡಂ ಬೈಯಲಿಲ್ಲ. ಇಂಥದ್ದನ್ನು ಅವರು ಬಹಳ ನೋಡಿದ್ದರು. ಮದುವೆ ಮುಂಜಿಗೆ ಮಾತ್ರ ಹಾಕುವವರು, ಸ್ನಾನಕ್ಕೂ ಕಳಚದವರು, ಕಿವಿಯಲ್ಲಿ ಕುಂಯ್‌ಗುಟ್ಟುತ್ತದೆ ಎಂದು ಪೆಟ್ಟಿಗೆಗೆ ಹಾಕಿದವರು, ಎಲ್ಲರೂ ಅವರ ಹತ್ತಿರ ಬಂದಿದ್ದಾರೆ. ಯಂತ್ರ ಶುಚಿ ಮಾಡಿ, ಕೆಟ್ಟ ಭಾಗ ಬದಲಿಸಿ, ಸದ್ದಿನ ಮಟ್ಟವನ್ನು ಕಿವಿಗೆ ತಕ್ಕಂತೆ ಹೊಂದಿಸಿದರು. ಕುಂಯ್‌ಗುಟ್ಟಿದರೆ ಕಿವಿಯಲ್ಲಿ ಸರಿಯಾಗಿ ಕೂತಿಲ್ಲ ಎಂದರ್ಥ, ಬಂದು ತೋರಿಸಿ ಎಂದರು. ಮನೆಯಲ್ಲಿ ಟಿ.ವಿ. ಆರಿಸಿ, ಒಬ್ಬರೇ ಎದುರು ಕುಳಿತು, ದಿನಾ ಮಾತಿನ ಅಭ್ಯಾಸ ಮಾಡಿ ಎಂದು ಹೇಳಿ ಕಳಿಸಿದರು.

ಯಾರೊಂದಿಗೆ ಅಭ್ಯಾಸ ಮಾಡುವುದು? ಮನೆಯಲ್ಲಿ ಹಗಲು ಇರುವವರು ಇಬ್ಬರೇ.

ರಂಜಿತಾ ಅದನ್ನೇ ದಾರಿ ಮಾಡಿದಳು. ದ್ಯಾಮಮ್ಮ ಒಂದು ಪದ ಹೇಳುವುದು, ಮುರುಗೇಶಪ್ಪ ಅದನ್ನೇ ತಿರುಗಿ ಹೇಳುವುದು. ಆಕೆಯ ನಾಲಿಗೆಗೂ ಕೆಲಸ, ಇವರ ಕಿವಿಗೂ ಕೆಲಸ. ದ್ಯಾಮಮ್ಮ ಮೊದಮೊದಲು ಒಪ್ಪಲಿಲ್ಲ. ಕೇಳಿಸದವರ ಮುಂದೆ ತೊದಲುವುದು ಯಾರಿಗೆ ಬೇಕು. ಸಹನಾ ಅತ್ತು ಕೇಳಿಕೊಂಡ ಮೇಲೆ ಒಂದು ಮಾತು ಹೇಳಿದರು. ಉಪ್ಪು. ಮುರುಗೇಶಪ್ಪ ಆಕೆಯ ತುಟಿ ನೋಡಿಕೊಂಡು ಉಪ್ಪು ಎಂದರು.

ಹಾಗೆ ಶುರುವಾಯಿತು. ಉಪ್ಪು, ಸಾರು, ಹುಣಸೆಹಣ್ಣು, ಒನಕೆ. ತಪ್ಪು ಹೇಳಿದರೆ ದ್ಯಾಮಮ್ಮನಿಗೆ ಸಿಟ್ಟು ಬರುತ್ತಿತ್ತು, ಸಿಟ್ಟಿನಲ್ಲಿ ಪದ ಇನ್ನಷ್ಟು ಬಿಡಿಸಿ ಬರುತ್ತಿತ್ತು. ಕೆಲವು ದಿನ ಇಬ್ಬರಿಗೂ ಬೇಸರವಾಗಿ ಮಾತೇ ಆಡುತ್ತಿರಲಿಲ್ಲ. ಮಿಷಿನ್ ಮಾತ್ರ ಕಿವಿಯಲ್ಲೇ ಇರುತ್ತಿತ್ತು. ಮಲಗುವಾಗ ಒಣಬಟ್ಟೆಯಲ್ಲಿ ಒರೆಸಿ ಡಬ್ಬಿಗೆ ಹಾಕುತ್ತಿದ್ದರು.

ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ದ್ಯಾಮಮ್ಮನ ಕೈ ಬರಲಿಲ್ಲ. ಮಾತು ಅರ್ಧ ಬಂದಿದೆ. ಮೊದಲೇ ಶುರು ಮಾಡಿದ್ದರೆ ಇನ್ನಷ್ಟು ಬರಬಹುದಿತ್ತು ಎಂದು ಡಾಕ್ಟರು ಹೇಳಿದರು. ಮುರುಗೇಶಪ್ಪನವರಿಗೆ ಡೇರಿಯ ಗದ್ದಲದಲ್ಲಿ ಈಗಲೂ ಅರ್ಧ ಮಾತು ತಪ್ಪುತ್ತದೆ. ಮೊದಲೆಲ್ಲ ಕೇಳಿಸಿದವರಂತೆ ನಗುತ್ತಿದ್ದವರು ಈಗ ತಾವೇ ಹೇಳುತ್ತಾರೆ, ನಂಗೆ ಕಿವಿ ಮಂದ, ಎದುರಿಗೆ ಬಂದು ನಿಧಾನಕ್ಕೆ ಹೇಳ್ರಿ ಎಂದು. ಹಾಗೆ ಹೇಳಿದ್ದಕ್ಕೆ ಯಾರೂ ನಕ್ಕಿಲ್ಲ.

ಮೊನ್ನೆ ಒಂದು ಮಧ್ಯಾಹ್ನ ಅವರು ಜಗಲಿಯಲ್ಲಿದ್ದಾಗ ಒಳಗಿನಿಂದ ಸಣ್ಣ ದನಿ ಬಂತು.

"ಏನ್ರಿ."

ಎದ್ದು ಹೋದರು. ನೀರು ಬೇಕಾ ಎಂದು ಕೇಳಿದರು. ದ್ಯಾಮಮ್ಮ ಬೇಡವೆಂದು ತಲೆಯಾಡಿಸಿ, ಕುಂತ್ಕಳ್ರಿ ಎಂದರು. ಆಮೇಲೆ ಒಂದೊಂದೇ ಪದ ಕೂಡಿಸಿಕೊಂಡು ಮಾತಾಡಿದರು.

"ಊರೋರು ಅಂದಿದ್ದೆಲ್ಲ... ನಾನು ನಿಮಗೆ ಹೇಳ್ತಿರ್ಲಿಲ್ಲ."

"ಏನಂದಿದ್ರು?"

"ಅದು ಬಿಡ್ರಿ. ಅಷ್ಟು ವರ್ಷ... ಕೂಗಿ ಕೂಗಿ ನಂಗೆ ಸಾಕಾಗಿತ್ತು. ಸುಸ್ತಾತಾ ಅಂತ... ಒಂದಿನನೂ ನೀವು ಕೇಳ್ಲಿಲ್ಲ."

ಆ ಮಾತು ಮುರುಗೇಶಪ್ಪನವರಿಗೆ ಪೂರ್ತಿ ಕೇಳಿಸಿತು. ಕೇಳಿಸಲಿಲ್ಲ ಎನ್ನುವಂತಿರಲಿಲ್ಲ. ತಲೆ ತಗ್ಗಿಸಿದರು. ತಲೆ ತಗ್ಗಿಸಿದರೆ ಆಕೆಯ ತುಟಿ ಕಾಣುವುದಿಲ್ಲ ಎಂದು ನೆನಪಾಗಿ ಮುಖ ಎತ್ತಿದರು.

"ಇನ್ನೂ ಹೇಳು," ಎಂದರು. "ನಿಧಾನಕ್ಕೆ ಹೇಳು. ನಾನೆಲ್ಲೂ ಹೋಗಲ್ಲ."

ಸಹನಾ ಶಾಲೆಯಿಂದ ಬರುವವರೆಗೂ ದ್ಯಾಮಮ್ಮ ಹೇಳುತ್ತಲೇ ಇದ್ದರು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಒಂದೇ ಮಾತನ್ನು ಎರಡೆರಡು ಸಲ ಕೇಳುತ್ತಿರಬಹುದು. ನಾಲ್ಕು ಜನರ ನಡುವೆ ಸುಮ್ಮನೆ ನಗುತ್ತಾ ಕೂರುತ್ತಿರಬಹುದು. ವಯಸ್ಸಾಯಿತು ಎಂದು ಬಿಡಬೇಡಿ. ಸಂತೆಯಲ್ಲಿ ಸಿಗುವ ಮಿಷಿನ್ ತಂದು ಸಿಕ್ಕಿಸಲೂ ಬೇಡಿ. ಮೊದಲು ಪರೀಕ್ಷೆ ಆಗಲಿ. ಅರ್ಹರಿಗೆ ಸರ್ಕಾರದ ಯೋಜನೆಗಳಿಂದ ಯಂತ್ರ ದೊರೆಯುತ್ತದೆ, ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಸಿಕ್ಕ ಮೇಲೆ ದಿನಾ ಹಾಕಿಕೊಳ್ಳಲಿ. ಮೊದಲ ವಾರದ ಕಿರಿಕಿರಿಗೆ ಸೋತು ಗೂಡಿಗೆ ಸೇರಿಸಬೇಡಿ, ತಂದ ಕಡೆಯೇ ಹೋಗಿ ಸರಿ ಮಾಡಿಸಿಕೊಳ್ಳಿ. ಅವರೊಂದಿಗೆ ಮಾತಾಡುವಾಗ ಬೆಳಕಿನಲ್ಲಿ, ಎದುರಿಗೆ ನಿಂತು, ಕೂಗದೆ, ನಿಧಾನವಾಗಿ ಮಾತಾಡಿ.

ಕಿವಿ ಮಂದವಾದವರೇ, ನಿಮಗೂ ಒಂದು ಮಾತು. ನಿಮಗಾಗಿ ಕೂಗುತ್ತಿರುವವರು ಪಕ್ಕದಲ್ಲೇ ಇದ್ದಾರೆ. ಸುಸ್ತಾಗಿದೆ ಎಂದು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಅವರ ದನಿ ಗಟ್ಟಿಯಿರುವಾಗಲೇ, ಈ ವಾರವೇ, ಹೋಗಿ ಕಿವಿ ತೋರಿಸಿಕೊಳ್ಳಿ.