ಕತ್ತರಿ ಅಕ್ಕನ ಯಂತ್ರ

ಪರದೆಯ ಮೇಲಿನ ಕಿಟಕಿ ಮತ್ತೆ ಬೂದು ಬಣ್ಣಕ್ಕೆ ತಿರುಗಿತು. ಫೈಲ್ ಮ್ಯಾನೇಜರ್ ಸ್ಪಂದಿಸುತ್ತಿಲ್ಲ, ಕಾಯುವಿರಾ, ಬಲವಂತವಾಗಿ ಮುಚ್ಚುವಿರಾ ಎಂಬ ಪ್ರಶ್ನೆ ನಡುವೆ ಬಂದು ನಿಂತಿತು. ಬೆಳಗಿನಿಂದ ಇದು ಒಂಬತ್ತನೆಯ ಸಲ. ಅವಳು ‘ಮುಚ್ಚು’ ಒತ್ತಲು ಹೊರಟಳು.

"ಬಿಡಿ ಮೇಡಂ, ಎಷ್ಟು ಸಲ ಕತ್ತು ಹಿಸುಕ್ತೀರಿ ಅದರದು," ಎಂದು ರಿಪೇರಿಯವನು ಕುರ್ಚಿ ಎಳೆದುಕೊಂಡು ಕೂತ.

ಕಣ್ಣು ಕಾಣದ ಮಕ್ಕಳಿಗಾಗಿ ಪಾಠಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಕಚೇರಿ ಅದು. ಹನ್ನೊಂದು ವರ್ಷ ಗಾಜಿನ ಕೋಣೆಯೊಳಗೆ ಕೂತು ಓದಿದವಳು ಅವಳು. ಹೊರಗೆ ಕೂತು ಆ ಓದಿನ ಕೆಮ್ಮು, ತಡವರಿಕೆ, ಪುಟ ಮಗುಚುವ ಸದ್ದುಗಳನ್ನೆಲ್ಲ ಕತ್ತರಿಸಿ ತೆಗೆಯುತ್ತಿದ್ದವರು ಕತ್ತರಿ ಅಕ್ಕ. ಮೊನ್ನೆ ಅವರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರು. ಅವರ ಕೆಲಸವನ್ನೂ ಇವಳಿಗೇ ವಹಿಸಿದ್ದರು. ಭೂಗೋಳದ ಪುಸ್ತಕ ಎರಡು ಗಂಟೆಯೊಳಗೆ ಹೋಗಬೇಕು, ಸೋಮವಾರ ಪರೀಕ್ಷೆ. ಇವಳ ಕೈಯಿಂದ ಹೊರಡುವ ಮೊದಲ ಪುಸ್ತಕ. ಇದು ತಪ್ಪಿದರೆ ಈ ಕುರ್ಚಿಯೂ ತಪ್ಪಿದ ಹಾಗೆಯೇ.

ರಿಪೇರಿಯವನು ಕಪ್ಪು ಕಿಟಕಿಯೊಂದನ್ನು ತೆರೆದು ಸಾಲು ಸಾಲಾಗಿ ಏನೋ ಟೈಪು ಮಾಡಿದ. ಉಳಿದ ಫೋಲ್ಡರುಗಳ ಪಟ್ಟಿ ಕೇಳಿದೊಡನೆ ಬಂತು. ‘ಮುಗಿದ ಪಾಠಗಳು’ ಎಂಬುದರ ಹೆಸರು ಹಾಕಿದಾಗ ಮಾತ್ರ ಉಸಿರೇ ಇಲ್ಲ.

"ಈ ಫೋಲ್ಡರ್ ಎಲ್ಲಿದೆ?"

"ಇಲ್ಲೇ. ನೋಡಿ, ಎಡಗಡೆ ಯಾವಾಗ್ಲೂ ಇರುತ್ತಲ್ಲ."

"ಇಲ್ಲಿ ಕಾಣೋದು ಬಾಗಿಲು ಮಾತ್ರ ಮೇಡಂ. ಮನೆ ಬೇರೆ ಕಂಪ್ಯೂಟರಲ್ಲಿದೆ. ಆ ಕಡೆಯಿಂದ ಯಾರೂ ಓಗೊಡ್ತಿಲ್ಲ, ಇದು ಕಾಯ್ತಾ ಕೂತಿದೆ. ಪಕ್ಕದ ಮೇಜಿನದು ಯಾರ್ದು?"

ಪಕ್ಕದ ಮೇಜಿನ ಮೇಲೆ ಧೂಳಿನ ನಡುವೆ ಒಂದು ಶುಭ್ರವಾದ ಚೌಕ ಮಾತ್ರ ಇತ್ತು. ಯಂತ್ರವನ್ನು ನಿನ್ನೆ ಸಂಜೆ ಉಗ್ರಾಣಕ್ಕೆ ಸಾಗಿಸಿದ್ದರು. ಹನ್ನೊಂದು ವರ್ಷ ತನ್ನ ಓದೆಲ್ಲ ತನ್ನ ಕಂಪ್ಯೂಟರಿನಲ್ಲೇ ಇದೆಯೆಂದು ಅವಳು ತಿಳಿದಿದ್ದಳು.

ರಿಪೇರಿಯವನು ಅದನ್ನು ತಂದು ತಂತಿ ಸಿಕ್ಕಿಸಿ ಚಾಲೂ ಮಾಡಿದ. ಅದು ಗೊರಗೊರ ಎನ್ನುತ್ತ ಎದ್ದಿತು. ಸ್ವಲ್ಪ ಹೊತ್ತಿಗೆ ಇವಳ ಪರದೆಯ ಬೂದು ತಾನೇ ತಾನಾಗಿ ತಿಳಿಯಾಯಿತು. ಫೋಲ್ಡರು ತೆರೆಯಿತು. ಭೂಗೋಳದ ಹದಿನಾಲ್ಕೂ ಪಾಠಗಳು ಅಲ್ಲಿದ್ದವು, ಹದಿನಾಲ್ಕೂ ಕತ್ತರಿಸಿ ಸಿದ್ಧಮಾಡಿದವು. ಕೊನೆಯದು ಕತ್ತರಿ ಅಕ್ಕ ಹೊರಟ ದಿನದ್ದು.

"ಹೋಗೋ ದಿನಾನೂ ಕೂತು ಮುಗಿಸಿದ್ದಾರಲ್ಲ, ಪುಣ್ಯಾತ್ಗಿತ್ತಿ," ಎಂದ ಅವನು, ನಕಲು ಮಾಡತೊಡಗುತ್ತ.

ಪಾಠಗಳ ಕೆಳಗೆ ‘ನನಗೆ ಮಾತ್ರ’ ಎಂಬ ಸಣ್ಣ ಕಡತವಿತ್ತು. ಅವಳು ಅದನ್ನು ತೆರೆದಳು. ತಾರೀಖು ಹಾಕಿ ಬರೆದ ಪುಟ್ಟ ಪುಟ್ಟ ಸಾಲುಗಳು. ‘ಇವತ್ತು ಅವಳ ಗಂಟಲು ಕಟ್ಟಿದೆ, ನಿನ್ನೆಯದರಿಂದ ಎರಡು ಪದ ತಂದು ಅಂಟಿಸಿದೆ.’ ‘ಹಸಿದು ಓದಿದ್ದಾಳೆ, ಹೊಟ್ಟೆಯ ಸದ್ದು ತೆಗೆದೆ.’ ಇನ್ನೂ ಕೆಳಗೆ: ‘ಇತಿಹಾಸ, ಎಂಟನೇ ಪಾಠ. ಇಸವಿ ತಪ್ಪು ಓದಿದ್ದಾಳೆ. ಮತ್ತೆ ಓದಿಸಬೇಕಿತ್ತು. ಅವಳ ಮಗಳಿಗೆ ಜ್ವರವಂತೆ, ಕರೆಯಲು ಮನಸ್ಸಾಗಲಿಲ್ಲ. ಯಾರಾದರೂ ಕೇಳಿದರೆ ನನಗೆ ಕೇಳಿಸಲಿಲ್ಲ ಎಂದರಾಯಿತು.’

ಆ ಇಸವಿಯ ಬಗ್ಗೆಯೇ ಶಾಲೆಯಿಂದ ದೂರು ಬಂದಿತ್ತು. ಯಾರ ತಪ್ಪೆಂದು ಮೇಲ್ವಿಚಾರಕರು ಕೇಳಿದಾಗ, ತಾನು ಸರಿಯಾಗೇ ಓದಿದ ನೆನಪು ಎಂದಿದ್ದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. "ಅಕ್ಕಂಗೆ ಈಚೆಗೆ ಕಿವಿ ಅಷ್ಟಾಗಿ ಕೇಳಿಸ್ತಿಲ್ಲ ಅನ್ಸುತ್ತೆ ಸಾರ್" ಎಂದೂ ಸೇರಿಸಿದ್ದಳು. ಕತ್ತರಿ ಅಕ್ಕನನ್ನು ಕರೆಸಿ ಕೇಳಿದರೆ, ಅವರು ಹೌದೆಂದು ತಲೆಯಾಡಿಸಿದ್ದರಂತೆ.

"ಏನಾಯ್ತು, ಪುಸ್ತಕ ಸಿಕ್ತಾ?" ಮೇಲ್ವಿಚಾರಕರು ಬಾಗಿಲಲ್ಲಿ ನಿಂತಿದ್ದರು.

"ಸಿಕ್ತು ಸಾರ್."

"ಅದೇನು ಓದ್ತಾ ಇದ್ದೀರಿ?"

"ಏನಿಲ್ಲ. ಹಳೇ ಟಿಪ್ಪಣಿ." ಬೆರಳು ತಾನಾಗಿಯೇ ಕಡತವನ್ನು ಮುಚ್ಚಿತ್ತು.

"ನೋಡಿ, ನೀವು ಕೂತ್ಮೇಲೆ ಕೆಲಸ ಎಷ್ಟು ಚುರುಕಾಯ್ತು," ಎಂದು ಅವರು ಮೆಚ್ಚಿ ಹೊರಟುಹೋದರು.

"ಪಾಠ ಎಲ್ಲಾ ನಿಮ್ಮಲ್ಲಿಗೆ ಬಂತು," ಎಂದ ರಿಪೇರಿಯವನು. "ಅಕ್ಕನ ಈ ಕಂಪ್ಯೂಟರನ್ನ ಇವತ್ತೇ ಪೂರ್ತಿ ಅಳಿಸಿ ಬೇರೆ ಕಡೆ ಕೊಡ್ಬೇಕಂತೆ. ಆ ಟಿಪ್ಪಣೀನೂ ನಕಲು ಮಾಡ್ಲಾ?"

ಅವಳು ಪರದೆಯನ್ನೇ ನೋಡುತ್ತಿದ್ದಳು. ಅವನು ಅವಸರ ಮಾಡಲಿಲ್ಲ. ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒಂದೊಂದೇ ಗಾಜನ್ನು ನಿಧಾನವಾಗಿ ಒರೆಸಿಕೊಂಡ.

"ಬೇಡ," ಎಂದಳು.

ಅವನು ಕೊಂಡಿ ಕಳಚಿ, ತಂತಿ ಸುತ್ತಿಟ್ಟ. ಇನ್ನೂ ಬಿಸಿಯಾಗಿದ್ದ ಯಂತ್ರವನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಎತ್ತಿಕೊಂಡ. ಅವಳು ಎದ್ದು ಹೋಗಿ, ಅವನು ಆಚೆ ದಾಟುವವರೆಗೂ ಬಾಗಿಲನ್ನು ಹಿಡಿದುಕೊಂಡು ನಿಂತಳು.